ಐದು ಚಳಿಗಾಲಗಳ ದುಡಿಮೆ: ಹಾಡ್ ಸ್ಟುವರ್ಟ್ ಎಂಬ ರಕ್ಷಣಾ ಆಟಗಾರ

ಇಂದು ನಾನು ಯಾರ ವಿಷಯ ಹೇಳಲು ಹೊರಟಿದ್ದೇನೆಯೋ ಆ ಮನುಷ್ಯ ಸಂಬಳ ಪಡೆದು ಐಸ್ ಹಾಕಿ ಆಡಿದ್ದು ಐದೇ ಐದು ಚಳಿಗಾಲ. ಆ ಐದರಲ್ಲಿ ಆತ ಎರಡು ದೇಶಗಳ ನಾಲ್ಕು ಊರುಗಳಿಗೆ ಆಡಿದ. ಒಮ್ಮೆ ಅಮಾನತುಗೊಂಡ, ಒಮ್ಮೆ ಎದುರಾಳಿಯ ಸ್ಟಿಕ್ಕಿನ ಏಟಿಗೆ ಪ್ರಜ್ಞೆ ತಪ್ಪಿ ಹಿಮಗಟ್ಟಿಯ ಮೇಲೆ ಬಿದ್ದ, ಐಸ್ ಹಾಕಿಯ ಅತಿ ದೊಡ್ಡ ಪ್ರಶಸ್ತಿಯಾದ ಸ್ಟಾನ್ಲಿ ಕಪ್ ಗೆದ್ದ, ಗೆದ್ದ ಮೂರು ತಿಂಗಳಿಗೆ ತೀರಿಕೊಂಡ. ಆಗ ವಯಸ್ಸು 28. ಹೆಸರು ವಿಲಿಯಂ ಹಾಡ್ಜ್‌ಸನ್ ಸ್ಟುವರ್ಟ್. ಎಲ್ಲರೂ ಕರೆಯುತ್ತಿದ್ದದ್ದು ಹಾಡ್ ಎಂದು. ಆತನ ಕಾಲದ ರಕ್ಷಣಾ ಆಟಗಾರರಲ್ಲಿ ಆತನೇ ಶ್ರೇಷ್ಠನೆಂದು ಹಲವರು ಹೇಳಿದ್ದಾರೆ. ಆ ಮಾತನ್ನು ನಾನು ಒಪ್ಪುತ್ತೇನೆ, ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ. ಆಟವೆಂದರೆ ದುಡಿಮೆ, ದುಡಿಮೆಗೆ ಕೂಲಿ ಕೇಳುವುದು ತಪ್ಪಲ್ಲ ಎಂದು ನಡೆದು ತೋರಿಸಿದ ಮೊದಲ ಪೀಳಿಗೆಯ ಬದುಕು ಹೇಗಿತ್ತು, ಅದಕ್ಕೆ ಅವರು ಏನು ತೆತ್ತರು ಎಂಬುದು ಈತನ ಕಥೆಯಲ್ಲಿ ಕಾಣುವಷ್ಟು ನಿಚ್ಚಳವಾಗಿ ಬೇರೆಲ್ಲೂ ನನಗೆ ಕಂಡಿಲ್ಲ.

ಮೊದಲು ಆಟದ ವಿಷಯ. ನಮಗೆ ಹಾಕಿ ಎಂದರೆ ಹುಲ್ಲು ಮೈದಾನದ ಹಾಕಿ, ಕೊಡಗಿನ ಹಾಕಿ. ಇಂದಿನ ಐಸ್ ಹಾಕಿಯನ್ನು ದೂರದರ್ಶನದಲ್ಲಿ ನೋಡಿದವರು ನಿಮ್ಮಲ್ಲಿ ಇರಬಹುದು, ಆದರೆ 1900ರ ಆಸುಪಾಸಿನ ಆಟ ಅದಕ್ಕಿಂತ ಬೇರೆಯಾಗಿತ್ತು. ಈಗ ಒಂದು ತಂಡದ ಆರು ಮಂದಿ ಅಂಗಳದಲ್ಲಿರುತ್ತಾರೆ. ಆಗ ಏಳು ಮಂದಿ. ಗೋಲ್‌ಕೀಪರ್, ಅವನ ಮುಂದೆ ಪಾಯಿಂಟ್, ಪಾಯಿಂಟಿನ ಮುಂದೆ ಕವರ್ ಪಾಯಿಂಟ್, ನಡುವೆ ಎಲ್ಲೆಡೆ ಓಡಾಡುವ ರೋವರ್, ಮುಂದಿನ ಸಾಲಿನಲ್ಲಿ ಮೂವರು. ಕ್ರಿಕೆಟ್ ನೋಡುವ ನಿಮಗೆ ಪಾಯಿಂಟ್, ಕವರ್ ಪಾಯಿಂಟ್ ಎಂಬ ಹೆಸರುಗಳು ಹೊಸವಲ್ಲ. ಕೆನಡಾದ ಲಕ್ರಾಸ್ ಆಟದಲ್ಲೂ ಇವೇ ಹೆಸರುಗಳಿದ್ದವು. ಇಂದಿನಂತೆ ಇಬ್ಬರು ರಕ್ಷಣಾ ಆಟಗಾರರು ಎಡಕ್ಕೊಬ್ಬ ಬಲಕ್ಕೊಬ್ಬ ಅಕ್ಕಪಕ್ಕ ನಿಲ್ಲುತ್ತಿರಲಿಲ್ಲ, ಒಬ್ಬನ ಹಿಂದೆ ಒಬ್ಬ ನಿಲ್ಲುತ್ತಿದ್ದರು. ಹಾಗಾಗಿ ನುಗ್ಗಿ ಬರುವ ಎದುರಾಳಿಗೆ ಮೊದಲು ಎದುರಾಗುತ್ತಿದ್ದವನು ಕವರ್ ಪಾಯಿಂಟ್. ಸ್ಟುವರ್ಟ್‌ನ ಜಾಗ ಅದೇ.

ಪಂದ್ಯ ಅರ್ಧ ಗಂಟೆಯ ಎರಡು ಭಾಗಗಳಲ್ಲಿ ನಡೆಯುತ್ತಿತ್ತು. ಇಂದು ಒಬ್ಬ ಆಟಗಾರ ಒಂದು ನಿಮಿಷದೊಳಗೆ ದಣಿದು ಬೆಂಚಿಗೆ ಮರಳುತ್ತಾನೆ, ಅವನ ಜಾಗಕ್ಕೆ ಇನ್ನೊಬ್ಬ ಹಾರಿ ಬರುತ್ತಾನೆ. ಆಗ ಆ ಅನುಕೂಲ ಇರಲಿಲ್ಲ. ಆರಂಭಿಸಿದ ಏಳು ಮಂದಿಯೇ ಪೂರ್ತಿ ಅರವತ್ತು ನಿಮಿಷ ಆಡಬೇಕು. ತಲೆಗೆ ರಕ್ಷಣೆ ಇಲ್ಲ. ಚೆಂಡಿನ ಬದಲು ಬಳಸುವ ಚಪ್ಪಟೆ ಬಿಲ್ಲೆಗೆ ಪಕ್ ಎಂದು ಹೆಸರು. ಪಕ್ಕನ್ನು ಮುಂದಿರುವ ಜೊತೆಗಾರನಿಗೆ ದಾಟಿಸುವುದು ನಿಯಮಬಾಹಿರ, ಅದು ಅಡ್ಡಕ್ಕೆ ಅಥವಾ ಹಿಂದಕ್ಕೆ ಮಾತ್ರ ಹೋಗಬಹುದು. ಈ ಒಂದು ನಿಯಮದಿಂದಾಗಿ ರಕ್ಷಣಾ ಆಟಗಾರನಿಗೆ ಎರಡೇ ದಾರಿಗಳು ಉಳಿಯುತ್ತಿದ್ದವು: ಪಕ್ಕನ್ನು ಸ್ಟಿಕ್ಕಿನಿಂದ ಎತ್ತಿ ಗಾಳಿಯಲ್ಲಿ ಎದುರಾಳಿಯ ಕೊನೆಗೆ ಎಸೆಯುವುದು, ಇಲ್ಲವೇ ತಾನೇ ಅದನ್ನು ಒಯ್ಯುವುದು. ಬಹುಪಾಲು ಜನ ಎತ್ತಿ ಎಸೆಯುತ್ತಿದ್ದರು, ಏಕೆಂದರೆ ಒಯ್ಯಲು ಹೋಗಿ ಕಳೆದುಕೊಂಡರೆ ಹಿಂದೆ ಗೋಲು ಬರಿದಾಗಿರುತ್ತದೆ, ಮೇಲಾಗಿ ಓಡಿ ಹೋದಷ್ಟೇ ದೂರ ಓಡಿ ಮರಳಬೇಕು, ಅದನ್ನು ಒಂದು ಗಂಟೆಯ ಕಾಲ ಮಾಡುತ್ತಲೇ ಇರಬೇಕು.

ಸ್ಟುವರ್ಟ್ ಒಯ್ಯುತ್ತಿದ್ದ. ಆ ಕಾಲಕ್ಕೆ ದೊಡ್ಡ ಆಳು. ಆರಡಿ ಎತ್ತರ, ಅದಕ್ಕೆ ತಕ್ಕ ಮೈಕಟ್ಟು. ಅಷ್ಟು ದೊಡ್ಡ ದೇಹ ಸ್ಕೇಟಿನ ಮೇಲೆ ಅಷ್ಟು ಹಗುರವಾಗಿ ಸಾಗುವುದನ್ನು ಜನ ಅದಕ್ಕೆ ಮೊದಲು ಹೆಚ್ಚು ಕಂಡಿರಲಿಲ್ಲ. ಎದುರಾಳಿಯನ್ನು ತಡೆದು, ಪಕ್ಕನ್ನು ಕಸಿದು, ಅದೇ ಓಟದಲ್ಲಿ ಮುಂದೆ ನುಗ್ಗಿ ಗೋಲು ಹೊಡೆಯಬಲ್ಲ ರಕ್ಷಣಾ ಆಟಗಾರ ಎಂದರೆ ಒಂದೇ ಸಂಬಳಕ್ಕೆ ಇಬ್ಬರು ಸಿಕ್ಕಂತೆ. ಆತನಿಗಾಗಿ ತಂಡಗಳು ಏಕೆ ಪೈಪೋಟಿ ನಡೆಸಿದವು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ಸಂಬಳ ಎಂದೆನಲ್ಲ, ಅಲ್ಲಿಯೇ ತೊಡಕು ಇರುವುದು. ಸ್ಟುವರ್ಟ್ ಹುಟ್ಟಿದ್ದು 1879ರಲ್ಲಿ, ಕೆನಡಾದ ರಾಜಧಾನಿ ಒಟ್ಟಾವಾದಲ್ಲಿ. ಆತ ಬೆಳೆದ ಕಾಲದ ಕೆನಡಾದಲ್ಲಿ ಆಟಕ್ಕೆ ಹಣ ಪಡೆಯುವುದು ಕೀಳು ಕೆಲಸ. ಸಭ್ಯ ಗೃಹಸ್ಥರು ಸಂಜೆ ಹೊತ್ತು ಸಂತೋಷಕ್ಕಾಗಿ ಆಡುವುದೇ ನಿಜವಾದ ಕ್ರೀಡೆ ಎಂಬ ನಂಬಿಕೆಯನ್ನು ಬ್ರಿಟನ್ನಿನಿಂದ ತಂದು ಅಲ್ಲಿ ನೆಟ್ಟಿದ್ದರು. ಒಂಟಾರಿಯೊ ಹಾಕಿ ಅಸೋಸಿಯೇಷನ್ ಈ ನಂಬಿಕೆಯ ಕಾವಲುಗಾರನಾಗಿತ್ತು. ಅದು ಎಷ್ಟು ಕಟ್ಟುನಿಟ್ಟು ಎಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ಮಾತು ಸ್ವಲ್ಪ ಪಕ್ಕಕ್ಕೆ ಸರಿದರೂ ಮುಂದೆ ಇದು ಬೇಕಾಗುತ್ತದೆ.

ಒಂಟಾರಿಯೊದ ಇಂದಿನ ಕಿಚನರ್ ನಗರಕ್ಕೆ ಆಗ ಬರ್ಲಿನ್ ಎಂದು ಹೆಸರು. 1898ರಲ್ಲಿ ಆ ಊರಿನ ತಂಡ ನೆರೆಯ ವಾಟರ್‌ಲೂ ತಂಡವನ್ನು ಸೋಲಿಸಿತು. ಹಿಗ್ಗಿದ ಬರ್ಲಿನ್ನಿನ ಮೇಯರ್ ತಂಡದ ಪ್ರತಿಯೊಬ್ಬನಿಗೂ ಹತ್ತು ಡಾಲರಿನ ಒಂದೊಂದು ಚಿನ್ನದ ನಾಣ್ಯವನ್ನು ನೆನಪಿನ ಕಾಣಿಕೆಯಾಗಿ ಕೊಟ್ಟರು. ಆ ನಾಣ್ಯಗಳ ಸುದ್ದಿ ತಿಳಿದ ಅಸೋಸಿಯೇಷನ್, ಇವರು ಹಣಕ್ಕಾಗಿ ಆಡುವವರು ಎಂದು ಘೋಷಿಸಿ ತಂಡವನ್ನೇ ಅಮಾನತಿನಲ್ಲಿಟ್ಟಿತು. ಆ ತಂಡದಲ್ಲಿ ಜಾನ್ ಗಿಬ್ಸನ್ ಎಂಬ ಯುವಕನಿದ್ದ. ಆತ ಡೆಟ್ರಾಯಿಟ್‌ನಲ್ಲಿ ದಂತವೈದ್ಯಕೀಯ ಓದಿ, ಅಮೆರಿಕದ ಮಿಚಿಗನ್ ರಾಜ್ಯದ ಉತ್ತರದ ತುದಿಯಲ್ಲಿರುವ ಹೌಟನ್ ಎಂಬ ಊರಿನಲ್ಲಿ ದವಾಖಾನೆ ತೆರೆದ. ಜನ ಆತನನ್ನು ಡಾಕ್ ಗಿಬ್ಸನ್ ಎಂದೇ ಕರೆದರು. ಹೌಟನ್ನಿನಲ್ಲಿ ಹಾಕಿ ತಂಡ ಕಟ್ಟುವಾಗ ಆತನಿಗೆ ಹವ್ಯಾಸಿ ಕ್ರೀಡೆಯ ಪಾವಿತ್ರ್ಯದ ಮೇಲೆ ಯಾವ ಮಮತೆಯೂ ಉಳಿದಿರಲಿಲ್ಲ. ಒಂದು ನಾಣ್ಯಕ್ಕೆ ಹೆದರಿ ಹೊರಹಾಕಿದವರೇ ವೃತ್ತಿಪರ ಹಾಕಿಯ ಮೊದಲ ಸಂಘಟಕನನ್ನು ಗಡಿಯಾಚೆಗೆ ಕಳಿಸಿಕೊಟ್ಟರು ಎಂದು ನಾನು ತಿಳಿದಿದ್ದೇನೆ.

ಸ್ಟುವರ್ಟ್‌ನ ಕಡೆಗೆ ಮರಳೋಣ. ಆತ ಮೊದಲು ಒಟ್ಟಾವಾ ತಂಡಕ್ಕೆ ಆಡಿದ, ಬಳಿಕ ಕೆಲಸ ಹಿಡಿದು ಕ್ವಿಬೆಕ್ ನಗರಕ್ಕೆ ಹೋಗಿ ಅಲ್ಲಿನ ತಂಡಕ್ಕೆ ಎರಡು ಚಳಿಗಾಲ ಆಡಿದ. ಇದೆಲ್ಲ ಹವ್ಯಾಸಿ ಆಟ. ಇದರ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. 1902ರ ಕೊನೆಗೆ ಆತ ಪೆನ್ಸಿಲ್ವೇನಿಯಾದ ಉಕ್ಕಿನ ನಗರ ಪಿಟ್ಸ್‌ಬರ್ಗಿಗೆ ಹೊರಟ. ಅಲ್ಲಿ ಡುಕೇನ್ ಗಾರ್ಡನ್ ಎಂಬ ದೊಡ್ಡ ರಿಂಕ್, ಅಂದರೆ ಹಿಮಗಟ್ಟಿಯ ಆಟದಂಗಳ, ಇತ್ತು, ಯಂತ್ರದಿಂದ ಹಿಮಗಟ್ಟಿ ಮಾಡುವ ಏರ್ಪಾಡಿತ್ತು. ಕೆನಡಾದ ರಿಂಕುಗಳು ಚಳಿ ಬಂದರೆ ಉಂಟು, ಬಿಸಿಲು ಕಾದರೆ ಇಲ್ಲ ಎಂಬಂತಿದ್ದಾಗ ಪಿಟ್ಸ್‌ಬರ್ಗಿನ ಮಾಲೀಕರು ಇಂಥ ದಿನ ಪಂದ್ಯ ಎಂದು ಮೊದಲೇ ಸಾರಿ ಟಿಕೆಟ್ ಮಾರಬಲ್ಲವರಾಗಿದ್ದರು. ಟಿಕೆಟ್ ಮಾರಬಲ್ಲವನು ಸಂಬಳ ಕೊಡಬಲ್ಲ. ಸ್ಟುವರ್ಟ್‌ಗೆ ಅಲ್ಲಿನ ಬ್ಯಾಂಕರ್ಸ್ ತಂಡ ವಾರಕ್ಕೆ 15ರಿಂದ 20 ಡಾಲರ್ ಕೊಟ್ಟಿತು. ಈ ಮೊತ್ತವನ್ನು ಇಂದಿನ ಲೆಕ್ಕದಲ್ಲಿ ನೋಡಿ ಸಣ್ಣದೆನ್ನಬೇಡಿ. ಆ ಕಾಲದಲ್ಲಿ ಗಣಿಯ ಆಳಿಗೆ ದಿನವಿಡೀ ನೆಲದಡಿ ದುಡಿದರೆ ಸಿಗುತ್ತಿದ್ದದ್ದು ಎರಡು ಮೂರು ಡಾಲರ್. ಅದಕ್ಕಿಂತ ಮುಖ್ಯವಾದದ್ದು, ಆ ಸಂಬಳವನ್ನು ಮುಟ್ಟಿದ ಕೈಗೆ ತವರಿನ ಹವ್ಯಾಸಿ ಆಟದ ಬಾಗಿಲು ಮುಚ್ಚಿತು. ಆತ ದಾಟಿದ ಗೆರೆ ಹಿಂದಿರುಗಿ ದಾಟಲು ಬರುವಂಥದಾಗಿರಲಿಲ್ಲ.

ಮರುವರ್ಷ, ಅಂದರೆ 1903ರಲ್ಲಿ, ಹೌಟನ್ನಿನ ಡಾಕ್ ಗಿಬ್ಸನ್ ಪೂರ್ತಿಯಾಗಿ ಸಂಬಳದ ಆಟಗಾರರ ತಂಡವೊಂದನ್ನು ಕಟ್ಟಿದ. ಪೋರ್ಟೇಜ್ ಲೇಕ್ ಎಂಬ ಆ ತಂಡಕ್ಕೆ ಸ್ಟುವರ್ಟ್ ಬಂದ, ಆತನ ತಮ್ಮ ಬ್ರೂಸ್ ಕೂಡ ಬಂದ. ಹೌಟನ್ ಎಂಥ ಊರು ಎಂಬುದನ್ನು ನೀವು ಕಣ್ಣ ಮುಂದೆ ತಂದುಕೊಳ್ಳಬೇಕು. ಸುಪೀರಿಯರ್ ಸರೋವರದೊಳಕ್ಕೆ ಚಾಚಿಕೊಂಡ ಕೀವೀನಾ ಎಂಬ ನೆಲದ ಚಾಚು ಅದು. ಚಳಿಗಾಲದಲ್ಲಿ ಆಳೆತ್ತರಕ್ಕೆ ಹಿಮ ಬೀಳುತ್ತದೆ. ಆದರೆ ಆ ನೆಲದಡಿ ತಾಮ್ರವಿತ್ತು. ಫಿನ್ಲೆಂಡ್, ಕಾರ್ನ್‌ವಾಲ್, ಇಟಲಿಗಳಿಂದ ಬಂದ ಸಾವಿರಾರು ಕಾರ್ಮಿಕರಿದ್ದರು, ಗಣಿಯ ಹಣ ಹರಿಯುತ್ತಿತ್ತು, ಉದ್ದನೆಯ ಚಳಿಗಾಲದ ರಾತ್ರಿಗಳಲ್ಲಿ ಮಾಡಲು ಬೇರೆ ಕೆಲಸವಿರಲಿಲ್ಲ. ಆಂಫಿಡ್ರೋಮ್ ಎಂಬ ಒಳಾಂಗಣ ರಿಂಕನ್ನು 1902ರಲ್ಲಿಯೇ ಕಟ್ಟಿದ್ದರು. ಸಂಬಳಕ್ಕಾಗಿ ಆಡುವ ಹಾಕಿ ಟೊರಾಂಟೊದಲ್ಲಿ ಅಲ್ಲ, ಮಾಂಟ್ರಿಯಲ್‌ನಲ್ಲಿ ಅಲ್ಲ, ಇಂಥದೊಂದು ಗಣಿ ಊರಿನಲ್ಲಿ ಬೇರು ಬಿಟ್ಟಿತು. ಕೂಲಿ ಎಂಬ ಮಾತಿಗೆ ನಾಚಿಕೊಳ್ಳದ ಜನರ ನಡುವೆ ಅದು ಬೇರು ಬಿಟ್ಟದ್ದು ನನಗೆ ಸಹಜವೆನಿಸುತ್ತದೆ.

1904ರಲ್ಲಿ ಇಂಟರ್‌ನ್ಯಾಷನಲ್ ಪ್ರೊಫೆಷನಲ್ ಹಾಕಿ ಲೀಗ್ ಆರಂಭವಾಯಿತು. ಬಹಿರಂಗವಾಗಿ ವೃತ್ತಿಪರವೆಂದು ಹೇಳಿಕೊಂಡ ಮೊದಲ ಹಾಕಿ ಲೀಗ್ ಇದು. ಹೌಟನ್, ಅದರ ನೆರೆಯ ಗಣಿ ಊರು ಕ್ಯಾಲುಮೆಟ್, ಪಿಟ್ಸ್‌ಬರ್ಗ್, ಮತ್ತು ಗಡಿಯ ನದಿಯ ಎರಡು ದಡಗಳಲ್ಲಿ ಒಂದೇ ಹೆಸರಿನಲ್ಲಿರುವ ಸೂ ಸೇಂಟ್ ಮೇರಿ ಎಂಬ ಎರಡು ಊರುಗಳು, ಹೀಗೆ ಐದು ತಂಡಗಳು. ಸ್ಟುವರ್ಟ್ ಹೌಟನ್ ಬಿಟ್ಟು ಇಪ್ಪತ್ತು ಕಿಲೋಮೀಟರ್ ಆಸುಪಾಸಿನ ಕ್ಯಾಲುಮೆಟ್‌ಗೆ ಹೋದ. ಅಲ್ಲಿ ಆತ ಆಟಗಾರ ಮಾತ್ರವಲ್ಲ. ತರಬೇತುದಾರನೂ ಆತನೇ, ವ್ಯವಸ್ಥಾಪಕನೂ ಆತನೇ. ಆ ಮೂರೂ ಕೆಲಸಗಳಿಗೆ ಒಂದು ಋತುವಿಗೆ 1,800 ಡಾಲರ್. ಲೀಗಿನ ಮೊದಲ ಪ್ರಶಸ್ತಿಯನ್ನು ಕ್ಯಾಲುಮೆಟ್ ಗೆದ್ದಿತು. ಯಾರನ್ನು ಕರೆತರಬೇಕು, ಯಾರಿಗೆ ಎಷ್ಟು ಕೊಡಬೇಕು, ರೈಲಿನಲ್ಲಿ ಯಾವಾಗ ಹೊರಡಬೇಕು ಎಂದೆಲ್ಲ ನೋಡಿಕೊಂಡು, ಆಮೇಲೆ ಸ್ಕೇಟ್ ಕಟ್ಟಿಕೊಂಡು ಬದಲಿಯಿಲ್ಲದೆ ಒಂದು ಗಂಟೆ ಆಡುವ ಇಪ್ಪತ್ತೈದರ ಯುವಕನನ್ನು ಊಹಿಸಿಕೊಳ್ಳಿ. ಅದು ಶೋಕಿಯಲ್ಲ, ಪೂರ್ಣಾವಧಿಯ ಉದ್ಯೋಗ.

ಆದರೆ ದುಡಿಯುವವನ ಬೆಲೆ ಹೆಚ್ಚಿದಂತೆ ಆತನ ಮೇಲಿನ ಕಣ್ಣುಗಳೂ ಹೆಚ್ಚುತ್ತವೆ. 1905ರ ಕೊನೆಗೆ ಆತ ಪಿಟ್ಸ್‌ಬರ್ಗಿಗೆ ಮರಳಿದಾಗ ಉಳಿದ ತಂಡಗಳು ತಕರಾರು ತೆಗೆದವು, ಡಿಸೆಂಬರ್‌ನಲ್ಲಿ ಲೀಗ್ ಆತನನ್ನು ಅಮಾನತಿನಲ್ಲಿಟ್ಟು, ಆ ತಿಂಗಳು ಮುಗಿಯುವುದರೊಳಗೆ ಮತ್ತೆ ಆಡಲು ಬಿಟ್ಟಿತು. ಆಟಗಾರರ ಸಂಘವಿಲ್ಲ, ಮೇಲ್ಮನವಿಗೆ ಜಾಗವಿಲ್ಲ. ಆತನ ಕೈಯಲ್ಲಿದ್ದ ಅಸ್ತ್ರ ಒಂದೇ: ಬಿಟ್ಟು ಹೋಗುವುದು. ಮುಂದಿನ ಚಳಿಗಾಲ ಪಿಟ್ಸ್‌ಬರ್ಗಿನಲ್ಲಿ ತೀರ್ಪುಗಾರನ ವಿಷಯಕ್ಕೆ ಜಗಳವಾದಾಗ ಆತ ಆ ಅಸ್ತ್ರವನ್ನು ಬಳಸಿದ. ಊರಿಂದೂರಿಗೆ ಹಾರುವ ಇಂಥವರನ್ನು ಹಣದಾಸೆಯವರು ಎಂದು ಕರೆಯುವುದು ಸುಲಭ. ಆದರೆ ಒಪ್ಪಂದದ ರಕ್ಷಣೆಯಿಲ್ಲದ ದುಡಿಮೆಗಾರನಿಗೆ ಕಾಲೇ ನ್ಯಾಯಾಲಯ ಎಂಬುದನ್ನು ನಾವು ಮರೆಯಬಾರದು.

ಅಷ್ಟರಲ್ಲಿ ಕೆನಡಾ ತಾನೇ ಬದಲಾಗಿತ್ತು. ಒಳ್ಳೆಯ ಆಟಗಾರರೆಲ್ಲ ಗಡಿ ದಾಟುತ್ತಿರುವುದನ್ನು ಕಂಡು ಈಸ್ಟರ್ನ್ ಕೆನಡಾ ಅಮೆಚೂರ್ ಹಾಕಿ ಅಸೋಸಿಯೇಷನ್ 1906ರಲ್ಲಿ ಸಂಬಳದವರನ್ನೂ ಸಂಬಳವಿಲ್ಲದವರನ್ನೂ ಒಂದೇ ತಂಡದಲ್ಲಿ ಆಡಲು ಬಿಟ್ಟಿತು. ಯಾರು ಯಾವ ಬಗೆಯವರು ಎಂಬ ಪಟ್ಟಿಯನ್ನು ತಂಡಗಳು ಪ್ರಕಟಿಸಬೇಕು ಎಂಬುದೊಂದೇ ಷರತ್ತು. ಹೆಸರಿನಲ್ಲಿ ಮಾತ್ರ ಅಮೆಚೂರ್, ಅಂದರೆ ಹವ್ಯಾಸಿ, ಎಂಬ ಪದ ಇನ್ನೂ ಕೆಲಕಾಲ ಉಳಿದುಕೊಂಡಿತ್ತು. ಹೀಗೆ ಮಾಂಟ್ರಿಯಲ್ ವಾಂಡರರ್ಸ್ ತಂಡದಲ್ಲಿ ಲೆಸ್ಟರ್ ಪ್ಯಾಟ್ರಿಕ್ ಹವ್ಯಾಸಿಯಾಗಿಯೇ ಉಳಿದು ಆಡಿದರೆ, ಪಿಟ್ಸ್‌ಬರ್ಗ್ ಬಿಟ್ಟು ಬಂದ ಸ್ಟುವರ್ಟ್ ಅದೇ ಅಂಗಿ ತೊಟ್ಟು ಸಂಬಳಕ್ಕೆ ಆಡಿದ. ನಾಲ್ಕು ವರ್ಷಗಳ ಹಿಂದೆ ಮುಚ್ಚಿದ ಬಾಗಿಲನ್ನು ಒಳಗಿನವರೇ ತೆರೆದಿದ್ದರು.

ಒಳಗೆ ಕಾದಿದ್ದದ್ದು ಏನು? 1907ರ ಜನವರಿ 12ರಂದು ವಾಂಡರರ್ಸ್ ಮತ್ತು ಒಟ್ಟಾವಾ ತಂಡಗಳು ಮಾಂಟ್ರಿಯಲ್‌ನಲ್ಲಿ ಎದುರಾದವು. ಒಟ್ಟಾವಾದ ಚಾರ್ಲ್ಸ್ ಸ್ಪಿಟಲ್ ವಾಂಡರರ್ಸ್‌ನ ಸೆಸಿಲ್ ಬ್ಲಾಚ್‌ಫರ್ಡ್‌ನ ತಲೆಯ ಮೇಲೆ ಸ್ಟಿಕ್ ಬೀಸಿದ. ಆಲ್ಫ್ ಸ್ಮಿತ್ ಎಂಬಾತ ಸ್ಟುವರ್ಟ್‌ನ ಕಪಾಲಕ್ಕೆ ಸ್ಟಿಕ್ಕಿನಿಂದ ಹೊಡೆದು ಕೆಡವಿದ. ಹೆಣದಂತೆ ಬಿದ್ದಿದ್ದ ಎಂಬರ್ಥದಲ್ಲಿ ಆ ಕಾಲದ ವರದಿಗಳು ಬರೆದವು. ಆಲ್ಫ್‌ನ ತಮ್ಮ ಹ್ಯಾರಿ ಸ್ಮಿತ್ ಎರ್ನಿ ಜಾನ್ಸನ್‌ನ ಮೂಗು ಮುರಿದ. ಲೀಗ್ ಸಭೆ ಸೇರಿ, ಸ್ಪಿಟಲ್ ಮತ್ತು ಆಲ್ಫ್ ಸ್ಮಿತ್‌ರನ್ನು ಇಡೀ ಋತುವಿಗೆ ಹೊರಗಿಡಬೇಕೆಂಬ ಪ್ರಸ್ತಾವವನ್ನು ತಿರಸ್ಕರಿಸಿತು. ಲೀಗಿನ ಅಧ್ಯಕ್ಷರು ರಾಜೀನಾಮೆ ಕೊಟ್ಟರು. ಮುಂದಿನ ಸಲ ಒಟ್ಟಾವಾ ತಂಡ ಮಾಂಟ್ರಿಯಲ್‌ಗೆ ಬಂದಾಗ ಪೊಲೀಸರು ಮೂವರನ್ನೂ ಬಂಧಿಸಿದರು. ಸ್ಪಿಟಲ್‌ಗೂ ಆಲ್ಫ್ ಸ್ಮಿತ್‌ಗೂ ತಲಾ 20 ಡಾಲರ್ ದಂಡ ಬಿತ್ತು, ಹ್ಯಾರಿ ಬಿಡುಗಡೆಯಾದ.

ಇಪ್ಪತ್ತು ಡಾಲರ್. ಪಿಟ್ಸ್‌ಬರ್ಗಿನಲ್ಲಿ ಸ್ಟುವರ್ಟ್ ಒಂದು ವಾರ ಆಡಿದರೆ ಸಿಗುತ್ತಿದ್ದ ಮೊತ್ತ ಅದು; ಒಬ್ಬ ಮನುಷ್ಯನ ತಲೆಗೆ ಬಿದ್ದ ಏಟಿನ ಬೆಲೆಯೂ ಅದೇ ಆಯಿತು. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅದೇ ವರ್ಷದ ಮಾರ್ಚ್‌ನಲ್ಲಿ ಒಂಟಾರಿಯೊದ ಕಾರ್ನ್‌ವಾಲ್ ಎಂಬಲ್ಲಿ ಓವೆನ್ ಮೆಕೋರ್ಟ್ ಎಂಬ ಆಟಗಾರ ಪಂದ್ಯದಲ್ಲಿ ತಲೆಗೆ ಬಿದ್ದ ಸ್ಟಿಕ್ಕಿನ ಏಟಿನಿಂದ ಸತ್ತ. ಆರೋಪಿಯಾಗಿದ್ದ ಎದುರಾಳಿ ಆಟಗಾರ, ಮಾರಕ ಏಟು ಯಾರದ್ದೆಂದು ಖಚಿತವಾಗದೆ, ನ್ಯಾಯಾಲಯದಿಂದ ಖುಲಾಸೆಯಾದ. ಏಟು ತಿಂದೂ ಬದುಕುಳಿದದ್ದು ಸ್ಟುವರ್ಟ್‌ನ ಅದೃಷ್ಟವೇ ಹೊರತು ವ್ಯವಸ್ಥೆಯ ಕಾಳಜಿಯಲ್ಲ.

ಆ ಏಟಿನ ಐದನೆಯ ದಿನ ವಾಂಡರರ್ಸ್ ಸ್ಟಾನ್ಲಿ ಕಪ್ ಉಳಿಸಿಕೊಳ್ಳಲು ಆಡಬೇಕಾಯಿತು. ಆ ಕಪ್ ಆಗ ಇಂದಿನಂತೆ ಒಂದೇ ಲೀಗಿನ ಆಸ್ತಿಯಲ್ಲ. ಗೆದ್ದವರಿಗೆ ಯಾರು ಬೇಕಾದರೂ ಸವಾಲು ಹಾಕಬಹುದಿತ್ತು. ಸವಾಲು ಹಾಕಿದ್ದು ಒಂಟಾರಿಯೊದ ಪಶ್ಚಿಮದ ಅಂಚಿನ ಕೆನೋರಾ. 4–2, 8–6ರ ಅಂತರದಲ್ಲಿ ಎರಡೂ ಪಂದ್ಯಗಳನ್ನು ಗೆದ್ದು ಅದು ಕಪ್ ಒಯ್ದಿತು. ಸ್ಟಾನ್ಲಿ ಕಪ್ ಗೆದ್ದ ಅತ್ಯಂತ ಚಿಕ್ಕ ಊರು ಇಂದಿಗೂ ಅದೇ. ವಾಂಡರರ್ಸ್ ಆ ಋತುವಿನ ತಮ್ಮ ಹತ್ತು ಲೀಗ್ ಪಂದ್ಯಗಳನ್ನೂ ಗೆದ್ದು ಮಾರ್ಚ್‌ನಲ್ಲಿ ತಿರುಗಿ ಸವಾಲು ಹಾಕಿದರು. ವಿನಿಪೆಗ್‌ನಲ್ಲಿ ಪಂದ್ಯ. ಕೆನೋರಾ ಬಲ ಹೆಚ್ಚಿಸಿಕೊಳ್ಳಲು ಒಟ್ಟಾವಾದಿಂದ ಇಬ್ಬರನ್ನು ಕರೆಸಿಕೊಂಡಿತ್ತು, ಅವರಲ್ಲೊಬ್ಬ ಆಲ್ಫ್ ಸ್ಮಿತ್. ಹತ್ತು ವಾರಗಳ ಹಿಂದೆ ತನ್ನನ್ನು ಕೆಡವಿದವನ ಎದುರೇ ಸ್ಟುವರ್ಟ್ ಮತ್ತೆ ಕವರ್ ಪಾಯಿಂಟ್‌ನಲ್ಲಿ ನಿಂತ. ಮೊದಲ ಪಂದ್ಯವನ್ನು 7–2ರಿಂದ ಗೆದ್ದು, ಎರಡನೆಯದನ್ನು 5–6ರಿಂದ ಸೋತು, ಒಟ್ಟು 12–8 ಗೋಲುಗಳಿಂದ ವಾಂಡರರ್ಸ್ ಕಪ್ ಮರಳಿ ಪಡೆದರು. ಆತನ ಬದುಕಿನ ಏಕೈಕ ಸ್ಟಾನ್ಲಿ ಕಪ್ ಅದು.

ಆ ಬೇಸಿಗೆಯಲ್ಲಿ ಆತ ಒಂಟಾರಿಯೊದ ಬೆಲ್‌ವಿಲ್‌ನಲ್ಲಿ ತಂದೆಯ ಕಟ್ಟಡ ಗುತ್ತಿಗೆಯ ಕೆಲಸ ನೋಡಿಕೊಳ್ಳುತ್ತಿದ್ದ. ಹಾಕಿಯ ಸಂಬಳ ಚಳಿಗಾಲಕ್ಕೆ ಮಾತ್ರ. ವರ್ಷದ ಉಳಿದ ತಿಂಗಳುಗಳಿಗೆ ಬೇರೆ ಕೆಲಸ ಬೇಕು. ಜೂನ್ 23ರಂದು ಕ್ವಿಂಟೆ ಕೊಲ್ಲಿಯಲ್ಲಿ ಈಜಲು ಹೋದ, ದೀಪಸ್ತಂಭದವರೆಗೆ ಈಜಿ, ಅದರ ಕಟ್ಟೆ ಹತ್ತಿ ನೀರಿಗೆ ಧುಮುಕಿದ. ಅಲ್ಲಿ ನೀರು ಆಳವಿರಲಿಲ್ಲ. ತಲೆ ಬಂಡೆಗೆ ಬಡಿದು ಕುತ್ತಿಗೆ ಮುರಿಯಿತು. ಪತ್ನಿ ಮತ್ತು ಇಬ್ಬರು ಚಿಕ್ಕ ಮಕ್ಕಳು ಉಳಿದರು. ಆತ ಬೆಳೆದ ಇಂಟರ್‌ನ್ಯಾಷನಲ್ ಲೀಗ್ ಕೂಡ ಅದೇ ವರ್ಷ ನಿಂತಿತು. ಕೆನಡಾದಲ್ಲೇ ಸಂಬಳ ಸಿಗತೊಡಗಿದ ಮೇಲೆ ಆಟಗಾರರು ಮರಳಿದ್ದರು, ಮೇಲೆ ಅಮೆರಿಕದ ಆರ್ಥಿಕ ಕುಸಿತವೂ ಬಂದಿತ್ತು.

ಆತನ ಕುಟುಂಬಕ್ಕೆ ವಿಮೆಯಾಗಲಿ ಪಿಂಚಣಿಯಾಗಲಿ ಕೊಡುವ ಹೊಣೆ ಯಾರದೂ ಆಗಿರಲಿಲ್ಲ. ಆದ್ದರಿಂದ ಜೊತೆಗಾರರು ತಮಗೆ ಗೊತ್ತಿದ್ದದ್ದನ್ನೇ ಮಾಡಿದರು, ಒಂದು ಪಂದ್ಯ ಏರ್ಪಡಿಸಿದರು. ಒಂದು ಕಡೆ ಕಪ್ ಹಿಡಿದ ತಂಡ, ಇನ್ನೊಂದು ಕಡೆ ಉಳಿದ ತಂಡಗಳಿಂದ ಆರಿಸಿದ ಉತ್ತಮ ಆಟಗಾರರು. ಹಾಕಿಯಲ್ಲಿ ಅಂಥ ಪಂದ್ಯ ಅದಕ್ಕೆ ಮೊದಲು ನಡೆದಿರಲಿಲ್ಲ. 1934ರ ಫೆಬ್ರವರಿಯಲ್ಲಿ, ತಲೆಬುರುಡೆ ಒಡೆದು ಆಟ ಬಿಡಬೇಕಾದ ಏಸ್ ಬೇಲಿಗಾಗಿ ಟೊರಾಂಟೊದಲ್ಲಿ ಇದೇ ಬಗೆಯ ಪಂದ್ಯ ಆಡಿದರು. 1945ರಲ್ಲಿ ಹಾಕಿ ಹಾಲ್ ಆಫ್ ಫೇಮ್ ಆರಿಸಿದ ಮೊದಲ ಒಂಬತ್ತು ಆಟಗಾರರಲ್ಲಿ ಸ್ಟುವರ್ಟ್‌ನ ಹೆಸರಿತ್ತು. ಎರಡು ವರ್ಷಗಳ ಬಳಿಕ, 1947ರಲ್ಲಿ, ನ್ಯಾಷನಲ್ ಹಾಕಿ ಲೀಗ್ ಪ್ರತಿವರ್ಷದ ಆಲ್-ಸ್ಟಾರ್ ಪಂದ್ಯ ಆರಂಭಿಸಿತು: ಮತ್ತೆ ಕಪ್ ಗೆದ್ದ ತಂಡ ಒಂದು ಕಡೆ, ಉಳಿದವರ ಆಯ್ಕೆ ಇನ್ನೊಂದು ಕಡೆ. ಆ ಪಂದ್ಯದ ಟಿಕೆಟ್ ಹಣದ ದೊಡ್ಡ ಪಾಲು ಆಟಗಾರರ ಪಿಂಚಣಿ ನಿಧಿಗೆ ಹೋಯಿತು. ಸ್ಟುವರ್ಟ್ ಸತ್ತು ಆಗ ನಲವತ್ತು ವರ್ಷ ಕಳೆದಿತ್ತು.

ಮೊದಲನೆಯ ಆ ಪಂದ್ಯ ನಡೆದದ್ದು 1908ರ ಜನವರಿ 2ರಂದು, ಮಾಂಟ್ರಿಯಲ್ ಅರೀನಾದಲ್ಲಿ. ಸುಮಾರು 3,800 ಜನ ಬಂದಿದ್ದರು. ವಾಂಡರರ್ಸ್ 10–7ರಿಂದ ಗೆದ್ದರು. ಸಂಗ್ರಹವಾದ ಎರಡು ಸಾವಿರಕ್ಕೂ ಹೆಚ್ಚು ಡಾಲರನ್ನು ಸ್ಟುವರ್ಟ್‌ನ ಪತ್ನಿಗೂ ಮಕ್ಕಳಿಗೂ ಕೊಟ್ಟರು. ಕ್ಯಾಲುಮೆಟ್‌ನಲ್ಲಿ ಮೂರು ಕೆಲಸಗಳನ್ನು ಒಟ್ಟಿಗೆ ಮಾಡಿ ಆತ ಒಂದು ಚಳಿಗಾಲಕ್ಕೆ ಗಳಿಸಿದ್ದಕ್ಕಿಂತ ಅದು ಕೊಂಚ ಹೆಚ್ಚು.